ಮ್ಯೂಸಿಯಂ ಮಂಡಳಿಗೆ ಹೊಸಬರೇ? ಮೊದಲು ತರಿಸಿ ನೋಡಬೇಕಾದ ಕಡತಗಳು

2025ರ ಅಕ್ಟೋಬರ್ 19, ಭಾನುವಾರ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಬಾಗಿಲು ತೆರೆದು ಅರ್ಧ ಗಂಟೆ ಕಳೆದಿತ್ತಷ್ಟೆ. ಮಹಡಿಗೆ ಸಾಮಾನು ಏರಿಸುವ ಏಣಿ ಇರುವ ಲಾರಿಯನ್ನು ಗೋಡೆಯ ಪಕ್ಕ ನಿಲ್ಲಿಸಿದ ಕಳ್ಳರು ಬಾಲ್ಕನಿ ಏರಿ, ಕಿಟಕಿ ಕೊಯ್ದು ಒಳನುಗ್ಗಿದರು. ಎಂಟು ನಿಮಿಷದೊಳಗೆ ಫ್ರೆಂಚ್ ರಾಜವೈಭವದ ಎಂಟು ಒಡವೆಗಳನ್ನು ಹೊತ್ತು ಸ್ಕೂಟರಿನಲ್ಲಿ ಪರಾರಿಯಾದರು. ಅವುಗಳ ಬೆಲೆ 8.8 ಕೋಟಿ ಯೂರೊ ಎಂದು ಅಂದಾಜು. ಆ ಭಾಗದ ಹೊರಗೋಡೆಗೆ ಇದ್ದ ಕ್ಯಾಮೆರಾ ಬಾಲ್ಕನಿಯ ಕಡೆ ನೋಡುತ್ತಲೇ ಇರಲಿಲ್ಲ ಎಂದು ಮ್ಯೂಸಿಯಂನ ನಿರ್ದೇಶಕಿ ಕೆಲವೇ ದಿನಗಳಲ್ಲಿ ಸೆನೆಟ್ ಸಮಿತಿಯ ಮುಂದೆ ಹೇಳಬೇಕಾಯಿತು. ನವೆಂಬರಿನಲ್ಲಿ ಫ್ರಾನ್ಸಿನ ಲೆಕ್ಕಪರಿಶೋಧನಾ ನ್ಯಾಯಾಲಯದ ವರದಿ ಹೊರಬಿತ್ತು. ಅದು ಕಳ್ಳತನದ ತನಿಖೆಯಲ್ಲ, ಅದಕ್ಕೂ ಹಿಂದಿನ ವರ್ಷಗಳ ಲೆಕ್ಕ. ಹೊಸ ಕಲಾಕೃತಿ ಖರೀದಿ, ಗ್ಯಾಲರಿ ನವೀಕರಣದಂಥ ಎದ್ದು ಕಾಣುವ ಕೆಲಸಗಳಿಗೆ ದುಡ್ಡು ಹೋಗಿದೆ, ಕಟ್ಟಡದ ನಿರ್ವಹಣೆಯೂ ಭದ್ರತೆಯೂ ಹಿಂದೆ ಬಿದ್ದಿವೆ ಎಂಬುದು ಅದರ ತಿರುಳು.

ಸಾರ್ವಜನಿಕ ಮ್ಯೂಸಿಯಂ ಒಂದರ ಆಡಳಿತ ಮಂಡಳಿಗೋ ಸಲಹಾ ಸಮಿತಿಗೋ ಹೊಸದಾಗಿ ನೇಮಕವಾಗಿ, ಮೊದಲ ಸಭೆಯಲ್ಲಿ ಏನು ಕೇಳಬೇಕೆಂದು ತೋಚದೆ ಕುಳಿತವರಿಗಾಗಿ ಈ ಬರಹ. ಟಿಕೆಟ್ ಕೊಂಡು ಒಳಹೋಗುವ ನಾಗರಿಕರೂ ಇವೇ ಪ್ರಶ್ನೆಗಳನ್ನು ಹೊರಗಿನಿಂದ ಕೇಳಬಹುದು. ಮ್ಯೂಸಿಯಂಗಳ ದೊಡ್ಡ ಅನಾಹುತಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಅದಕ್ಕೂ ಮೊದಲೇ ಯಾರೋ ಒಬ್ಬರು ಎಲ್ಲೋ ಒಂದು ಕಡೆ ಅದನ್ನು ಬರೆದಿಟ್ಟಿರುವುದು ಸಿಗುತ್ತದೆ. ಬರೆದದ್ದು ದುಡ್ಡು ಮಂಜೂರು ಮಾಡುವವರ ಮೇಜಿಗೆ ಬಂದಿರುವುದಿಲ್ಲ. ಬಂದರೂ ‘ಮುಂದಿನ ಸಭೆಗೆ’ ಎಂದು ಪಕ್ಕಕ್ಕೆ ಸರಿದಿರುತ್ತದೆ. ಆ ಕಾಗದ ಮೇಲೆ ಬರುವ ದಾರಿಯನ್ನು ತೆರೆದಿಡುವುದೇ ಮಂಡಳಿಯ ಮುಖ್ಯ ಕೆಲಸ ಎಂದು ನನ್ನ ಅಭಿಪ್ರಾಯ. ಕೆಳಗಿನ ಹೆಜ್ಜೆಗಳೆಲ್ಲ ಅದನ್ನು ಹಿಡಿದೇ ಹೋಗುತ್ತವೆ.

ಹೆಜ್ಜೆ 1: ನಿಮ್ಮ ಅಧಿಕಾರದ ಕಾಗದ ಓದಿ

ಮ್ಯೂಸಿಯಂ ಯಾವ ಕಾಯ್ದೆ, ಟ್ರಸ್ಟ್ ಪತ್ರ ಅಥವಾ ಸರ್ಕಾರಿ ಆದೇಶದ ಮೇಲೆ ನಿಂತಿದೆ? ಅದರ ಪ್ರತಿ ತರಿಸಿ ನೀವೇ ಓದಿ. ಸಾರಾಂಶ ಸಾಲದು. ಬ್ರಿಟಿಷ್ ಮ್ಯೂಸಿಯಂನ ಈಗಿನ ಆಡಳಿತ 1963ರ ಕಾಯ್ದೆಯಂತೆ ನಡೆಯುತ್ತದೆ. ಟ್ರಸ್ಟಿಗಳು 25 ಮಂದಿ. ಒಬ್ಬರನ್ನು ದೊರೆ, 15 ಮಂದಿಯನ್ನು ಪ್ರಧಾನಿ, ನಾಲ್ವರನ್ನು ವಿದ್ವತ್ ಸಂಸ್ಥೆಗಳ ಶಿಫಾರಸಿನ ಮೇಲೆ ಮಂತ್ರಿ ನೇಮಿಸುತ್ತಾರೆ, ಉಳಿದ ಐವರನ್ನು ಟ್ರಸ್ಟಿಗಳೇ ಆರಿಸಿಕೊಳ್ಳುತ್ತಾರೆ. ಸಂಗ್ರಹದಿಂದ ಯಾವ ವಸ್ತುವನ್ನು ಯಾವ ಸಂದರ್ಭದಲ್ಲಿ ಹೊರಗೆ ಕೊಡಬಹುದು ಎಂಬುದೂ ಅದೇ ಕಾಯ್ದೆಯಲ್ಲಿದೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಮಂಡಳಿಯಲ್ಲಿ 17 ಜನ. ಮುಖ್ಯ ನ್ಯಾಯಮೂರ್ತಿ, ಉಪಾಧ್ಯಕ್ಷ, ಸಂಸತ್ತಿನ ಆರು ಸದಸ್ಯರು, ಒಂಬತ್ತು ನಾಗರಿಕರು.

ಇಷ್ಟು ಘನವಾದ ಮಂಡಳಿ ಇದ್ದರೂ ಎಡವಟ್ಟು ತಪ್ಪಲಿಲ್ಲ. 2007ರ ಮಾರ್ಚಿನಲ್ಲಿ ಸ್ಮಿತ್ಸೋನಿಯನ್ ಮುಖ್ಯಸ್ಥ ಲಾರೆನ್ಸ್ ಸ್ಮಾಲ್ ತಮ್ಮ ಸಂಬಳ, ಭತ್ಯೆ, ಖರ್ಚುವೆಚ್ಚಗಳ ವಿವಾದದಲ್ಲಿ ರಾಜೀನಾಮೆ ಕೊಟ್ಟರು. ಆಮೇಲೆ ಸ್ವತಂತ್ರ ಪರಿಶೀಲನಾ ಸಮಿತಿ ಬರೆದ ವರದಿಯಲ್ಲಿ ಅವರ ಖರ್ಚಿನಷ್ಟೇ ಟೀಕೆಗೆ ಗುರಿಯಾದದ್ದು ಮಂಡಳಿ. ನಿಗಾ ಇಡಬೇಕಾದವರು ಇಡಲಿಲ್ಲ. ಆಂತರಿಕ ತಪಾಸಣಾ ಅಧಿಕಾರಿಗೂ ಕಾನೂನು ಸಲಹೆಗಾರರಿಗೂ ಮಂಡಳಿಯನ್ನು ನೇರವಾಗಿ ಕಾಣುವ ದಾರಿ ಸಲೀಸಾಗಿರಲಿಲ್ಲ. ಸದಸ್ಯರ ಕೈಗೆ ಬರುತ್ತಿದ್ದುದು ಮುಖ್ಯಸ್ಥರ ಕಚೇರಿ ಸೋಸಿ ಕೊಟ್ಟ ಮಾಹಿತಿ.

ಆದ್ದರಿಂದ ಮೊದಲ ಸಭೆಯಲ್ಲೇ ಮೂರು ವಿಷಯ ನಡಾವಳಿಯಲ್ಲಿ ದಾಖಲಾಗಲಿ. ಲೆಕ್ಕಪರಿಶೋಧಕರು ವರ್ಷಕ್ಕೊಮ್ಮೆಯಾದರೂ ನಿರ್ದೇಶಕರಿಲ್ಲದ ಕೋಣೆಯಲ್ಲಿ ಮಂಡಳಿಯೊಂದಿಗೆ ಮಾತಾಡಬೇಕು. ಭದ್ರತೆಯ ಹೊಣೆ ಹೊತ್ತ ಅಧಿಕಾರಿ ಹಣ ಕೇಳಿ ಬರೆದ ಪ್ರಸ್ತಾವ ತಿರಸ್ಕೃತವಾದರೆ, ತಿರಸ್ಕರಿಸಿದ ಕಾರಣದೊಂದಿಗೆ ಅದು ಮಂಡಳಿಯ ಮುಂದೆ ಬರಬೇಕು. ನಿರ್ದೇಶಕರ ಖರ್ಚಿನ ಬಿಲ್ಲುಗಳಿಗೆ ಅವರ ಕೈಕೆಳಗಿನವರು ಸಹಿ ಹಾಕುವಂತಿರಬಾರದು, ಮಂಡಳಿಯ ಒಬ್ಬರು ಹಾಕಬೇಕು. ಅತ್ತ ನೀವೂ ಗೆರೆ ದಾಟಬೇಡಿ. ಯಾವ ಮೂರ್ತಿ ಯಾವ ಗ್ಯಾಲರಿಯಲ್ಲಿರಬೇಕು, ಯಾವ ಗಾರ್ಡ್ ಯಾವ ಪಾಳಿಗೆ ಎಂಬುದು ನಿರ್ದೇಶಕರ ಕೆಲಸ. ಅಲ್ಲಿ ಕೈಯಾಡಿಸುವ ಸದಸ್ಯರಿಗೆ ನಾಳೆ ತಪ್ಪಾದಾಗ ಪ್ರಶ್ನೆ ಕೇಳುವ ನೈತಿಕ ಹಕ್ಕು ಉಳಿಯುವುದಿಲ್ಲ.

ಹೆಜ್ಜೆ 2: ನಿಮ್ಮ ವ್ಯವಹಾರ ಮೊದಲು ಬರೆದುಕೊಡಿ

ನೀವು ಹಳೆಯ ನಾಣ್ಯ, ಚಿತ್ರ, ಶಿಲ್ಪ ಸಂಗ್ರಹಿಸುವವರೇ? ನಿಮ್ಮ ನೆಂಟರದು ಕಟ್ಟಡ ಗುತ್ತಿಗೆಯೇ, ಸೆಕ್ಯುರಿಟಿ ಏಜೆನ್ಸಿಯೇ? ಅದನ್ನು ಲಿಖಿತವಾಗಿ ಕೊಡಿ, ವರ್ಷವರ್ಷ ತಿದ್ದಿ, ಆ ವಿಷಯ ಬಂದಾಗ ಎದ್ದು ಹೊರಗೆ ಹೋಗಿ. ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿಯಾದ ಐಕಾಮ್ 1986ರಲ್ಲಿ ಒಪ್ಪಿ 2004ರಲ್ಲಿ ಪರಿಷ್ಕರಿಸಿದ ನೀತಿಸಂಹಿತೆ ಇಂಥ ವಿಷಯಗಳಿಗೆಲ್ಲ ಒಳ್ಳೆಯ ಕೈಪಿಡಿ. ತಾವು ಕೆಲಸ ಮಾಡುವ ಮ್ಯೂಸಿಯಂಗೆ ಪೈಪೋಟಿಯಾಗಿ ವಸ್ತು ಕೊಳ್ಳಬಾರದು ಎಂಬಷ್ಟು ನೇರವಾಗಿ ಅದು ಮಾತಾಡುತ್ತದೆ.

ದಾನಿಗಳ ವಿಷಯದಲ್ಲೂ ಒಂದು ಲಿಖಿತ ನೀತಿ ಬೇಕು, ದೇಣಿಗೆ ಬರುವ ಮೊದಲೇ ಬೇಕು. ಓಪಿಯಾಯ್ಡ್ ನೋವುನಿವಾರಕಗಳ ವಿವಾದದಲ್ಲಿ ಸಿಲುಕಿದ ಸ್ಯಾಕ್ಲರ್ ಕುಟುಂಬದ ಹೆಸರನ್ನು ಲೂವ್ರ್ 2019ರಲ್ಲಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2021ರಲ್ಲಿ ಗ್ಯಾಲರಿಗಳಿಂದ ತೆಗೆದವು. ಗೋಡೆಯ ಮೇಲೆ ಹೆಸರು ಕೆತ್ತುವ ಒಪ್ಪಂದದಲ್ಲೇ ಅದನ್ನು ಯಾವಾಗ ಅಳಿಸಬಹುದು ಎಂಬ ಒಂದು ಸಾಲು ಸೇರಿಸಿಟ್ಟರೆ ಮುಂದೆ ವಕೀಲರ ಖರ್ಚು ಉಳಿಯುತ್ತದೆ.

ಹೆಜ್ಜೆ 3: ರಿಜಿಸ್ಟರ್ ತೆಗೆಸಿ, ಸ್ಟೋರ್‌ರೂಮಿಗೆ ಹೋಗಿ

ಹೆಚ್ಚಿನ ಸದಸ್ಯರು ಗ್ಯಾಲರಿ ಸುತ್ತಿ, ಚಹಾ ಕುಡಿದು ಮನೆಗೆ ಹೋಗುತ್ತಾರೆ. ಗ್ಯಾಲರಿಯಲ್ಲಿರುವುದು ಸಂಗ್ರಹದ ಸಣ್ಣ ಪಾಲು. ಉಳಿದದ್ದೆಲ್ಲ ಸ್ಟೋರಿನಲ್ಲಿ. ಹೊಣೆಗಾರಿಕೆಯ ನಿಜವಾದ ಪರೀಕ್ಷೆ ಅಲ್ಲಿ ನಡೆಯಬೇಕು.

ಬ್ರಿಟಿಷ್ ಮ್ಯೂಸಿಯಂನ ಕಥೆಯನ್ನೇ ನೋಡಿ. ಸ್ಟೋರಿನಿಂದ ಕೆತ್ತನೆಯ ಹರಳು, ಚಿನ್ನದ ಒಡವೆಗಳಂಥ ಸಣ್ಣ ವಸ್ತುಗಳು ಕಾಣೆಯಾಗಿವೆ ಎಂದು ಸಂಸ್ಥೆ 2023ರ ಆಗಸ್ಟಿನಲ್ಲಿ ಬಾಯಿಬಿಟ್ಟಿತು. ಕಳೆದುಹೋದ, ಒಡೆದ, ಕದ್ದ ವಸ್ತುಗಳು ಸುಮಾರು 2,000 ಎಂದು ಅಂದಾಜಾಯಿತು. ಡೆನ್ಮಾರ್ಕಿನ ಪುರಾತನ ವಸ್ತು ವ್ಯಾಪಾರಿಯೊಬ್ಬರು ಆನ್‌ಲೈನ್ ಮಾರಾಟದಲ್ಲಿ ಇಂಥವನ್ನು ಗುರುತಿಸಿ 2021ರಲ್ಲೇ ಮ್ಯೂಸಿಯಂಗೆ ಪತ್ರ ಬರೆದಿದ್ದರು. ಏನೂ ಕಳುವಾಗಿಲ್ಲ ಎಂಬ ಉತ್ತರ ಹೋಗಿತ್ತು. ಆ ಎಚ್ಚರಿಕೆಯನ್ನು ಸರಿಯಾಗಿ ನಿಭಾಯಿಸಲಿಲ್ಲ ಎಂದು ಒಪ್ಪಿಕೊಂಡು ನಿರ್ದೇಶಕ ಹಾರ್ಟ್‌ವಿಗ್ ಫಿಷರ್ 2023ರ ಆಗಸ್ಟ್ 25ರಂದು ಹುದ್ದೆ ಬಿಟ್ಟರು. ಕಳೆದುಹೋದ ಬಹಳಷ್ಟು ವಸ್ತುಗಳಿಗೆ ರಿಜಿಸ್ಟರಿನಲ್ಲಿ ಸರಿಯಾದ ನಮೂದೇ ಇರಲಿಲ್ಲ. ನಮೂದಿಲ್ಲದ ವಸ್ತು ಹೋದರೆ ಕೊರತೆ ಬೀಳುವುದು ಯಾರ ಲೆಕ್ಕದಲ್ಲಿ? ಆ ಅಕ್ಟೋಬರಿನಲ್ಲಿ ಸಂಸ್ಥೆ ಐದು ವರ್ಷದ ಡಿಜಿಟಲೀಕರಣ ಯೋಜನೆ ಪ್ರಕಟಿಸಿತು. ಹೊಸದಾಗಿ ಏರಿಸಬೇಕಾದ ಇಲ್ಲವೇ ತಿದ್ದಬೇಕಾದ ದಾಖಲೆಗಳ ಸಂಖ್ಯೆ 24 ಲಕ್ಷ.

ಈಗ ನಿಮ್ಮ ಮ್ಯೂಸಿಯಂನ ರಿಜಿಸ್ಟರ್ ಬಿಡಿಸಿ ಒಂದು ಸಾಲು ಓದಿ. ‘ಕಂಚಿನ ವಿಗ್ರಹ, 1, ಹಳೆಯದು’ ಎಂದಿದ್ದರೆ ಅದು ದಾಖಲೆಯಲ್ಲ. ಅದೇ ಜಾಗದಲ್ಲಿ ಇನ್ನೊಂದು ಕಂಚಿನ ವಿಗ್ರಹ ತಂದಿಟ್ಟರೂ ಆ ಸಾಲು ಸುಳ್ಳಾಗುವುದಿಲ್ಲ. ಬೇಕಾದ ಸಾಲು ಹೀಗಿರುತ್ತದೆ: ‘ನಿಂತ ಭಂಗಿಯ ಕಂಚಿನ ವಿಗ್ರಹ, ಪೀಠ ಸೇರಿ ಎತ್ತರ 18.4 ಸೆಂ.ಮೀ., ತೂಕ 1,260 ಗ್ರಾಂ, ಬಲಗೈ ಕಿರುಬೆರಳು ಮುರಿದಿದೆ, ಪೀಠದ ಹಿಂಬದಿಯಲ್ಲಿ ಅರ್ಧಚಂದ್ರದಂಥ ಗೀರು, ಸ್ಟೋರ್ 2, ಕಪಾಟು ಸಿ, 4ನೇ ಶೆಲ್ಫ್’. ಜೊತೆಗೆ ನಾಲ್ಕು ಬದಿಯ ಫೋಟೊ. ಕಳುವಾದ ವಸ್ತುವನ್ನು ಪೊಲೀಸರೂ ಹರಾಜು ಮನೆಯವರೂ ಗುರುತು ಹಿಡಿಯುವುದು ಆ ಕಿರುಬೆರಳಿನಿಂದ, ಆ ಗೀರಿನಿಂದ. 1997ರಲ್ಲಿ ರೂಪುಗೊಂಡ ‘ಆಬ್ಜೆಕ್ಟ್ ಐಡಿ’ ಎಂಬ ಅಂತರರಾಷ್ಟ್ರೀಯ ನಮೂನೆ ಕೇಳುವುದೂ ಇದನ್ನೇ: ಯಾವ ಬಗೆಯ ವಸ್ತು, ಯಾವುದರಿಂದ ಮಾಡಿದ್ದು, ಅಳತೆ ಎಷ್ಟು, ಅದರಂಥ ಇನ್ನೊಂದರಿಂದ ಇದನ್ನು ಬೇರ್ಪಡಿಸುವ ಗುರುತು ಯಾವುದು.

ಇನ್ನು ಪರೀಕ್ಷೆ. ರಿಜಿಸ್ಟರಿನಿಂದ ಹತ್ತು ಸಂಖ್ಯೆ ನೀವೇ ಆರಿಸಿ, ವಸ್ತುಗಳನ್ನು ತೋರಿಸಲು ಹೇಳಿ. ಆಮೇಲೆ ತಿರುಗಿಸಿ ಮಾಡಿ. ಕಪಾಟಿನಿಂದ ಕೈಗೆ ಸಿಕ್ಕ ಹತ್ತು ವಸ್ತು ತೆಗೆಸಿ, ರಿಜಿಸ್ಟರಿನಲ್ಲಿ ಅವುಗಳ ಸಾಲು ಎಲ್ಲಿದೆ ಎಂದು ಕೇಳಿ. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ, ಎರಡನೆಯದನ್ನು ಮಾಡುವವರು ಕಡಿಮೆ. ನಮೂದಿಲ್ಲದ ವಸ್ತುಗಳು ಬೆಳಕಿಗೆ ಬರುವುದು ಎರಡನೆಯದರಲ್ಲೇ. ಆರಿಸುವವರು ಸ್ಟೋರ್‌ಕೀಪರ್ ಆಗಿರಬಾರದು ಎಂಬುದನ್ನು ಒತ್ತಿ ಹೇಳಬೇಕಾಗಿಲ್ಲ. ಆದರೂ ಹಾಗೆ ನಡೆಯುತ್ತದೆ, ಸಂಕೋಚದಿಂದ. ‘ನಿಮ್ಮ ಮೇಲೆ ಅನುಮಾನವಲ್ಲ, ನಿಮ್ಮ ಮೇಲೆ ಅನುಮಾನ ಬಾರದಿರಲಿ ಅಂತ’ ಎಂದು ಮೊದಲೇ ಹೇಳಿಬಿಟ್ಟರೆ ಸಿಬ್ಬಂದಿ ಮುಖ ಸಡಿಲವಾಗುತ್ತದೆ. ಸ್ಟೋರಿನ ಬೀಗ ಇಬ್ಬರಿದ್ದರೆ ಮಾತ್ರ ತೆರೆಯಬೇಕು, ಯಾರು ಎಷ್ಟು ಹೊತ್ತಿಗೆ ಒಳಹೋದರು, ಹೊರಬಂದರು ಎಂಬ ಪುಸ್ತಕ ಬಾಗಿಲಲ್ಲೇ ಇರಬೇಕು.

ವಸ್ತು ತನ್ನ ಜಾಗದಿಂದ ಕದಲಿದಾಗಲೆಲ್ಲ ಒಂದು ಚೀಟಿ ಬೇಕು: ಯಾರು, ಎಲ್ಲಿಗೆ, ಏಕೆ, ಯಾವಾಗ ವಾಪಸ್. 1911ರ ಆಗಸ್ಟ್ 21, ಸೋಮವಾರ, ರಜೆಯ ದಿನ ‘ಮೋನಾ ಲಿಸಾ’ ಲೂವ್ರ್‌ನಿಂದ ಕಳುವಾಯಿತು. ಮರುದಿನ ಖಾಲಿ ಗೋಡೆ ನೋಡಿ ಪ್ರಶ್ನೆ ಎತ್ತಿದ್ದು ಅಲ್ಲಿ ಚಿತ್ರ ಬರೆಯಲು ಬಂದಿದ್ದ ಲೂಯಿ ಬೆರೂ ಎಂಬ ಕಲಾವಿದ. ಕಾವಲುಗಾರರು ಫೋಟೊ ತೆಗೆಯಲು ಒಯ್ದಿರಬೇಕು ಎಂದುಕೊಂಡು ಸುಮ್ಮನಿದ್ದರು. ಆಗ ವಸ್ತುಗಳನ್ನು ಹಾಗೆ ಒಯ್ಯುವುದು ಮಾಮೂಲಿಯಾಗಿತ್ತು. ಖಾಲಿ ಮೊಳೆಯ ಜಾಗದಲ್ಲಿ ‘ಫೋಟೊ ವಿಭಾಗಕ್ಕೆ ಹೋಗಿದೆ’ ಎಂಬ ಚೀಟಿ ತೂಗುಹಾಕುವ ರೂಢಿ ಇದ್ದಿದ್ದರೆ, ಚೀಟಿ ಇಲ್ಲದ್ದೇ ಕಳ್ಳತನದ ಸುಳಿವಾಗುತ್ತಿತ್ತು. ನಿಮ್ಮ ಗ್ಯಾಲರಿಯಲ್ಲಿ ಈಗ ಯಾವುದಾದರೂ ಖಾಲಿ ಜಾಗ ಇದೆಯೇ, ಅಲ್ಲಿ ಚೀಟಿ ಇದೆಯೇ, ಅದರ ತಾರೀಖು ಎಷ್ಟು ಹಳೆಯದು ನೋಡಿ.

ಹೆಜ್ಜೆ 4: ಬೆಂಕಿಯ ಕಡತ

ರಿಯೊ ಡಿ ಜನೈರೊದ ಬ್ರೆಜಿಲ್ ರಾಷ್ಟ್ರೀಯ ಮ್ಯೂಸಿಯಂಗೆ 2018ರಲ್ಲಿ 200 ವರ್ಷ ತುಂಬಿತು. ಆ ವರ್ಷ ಜೂನ್‌ನಲ್ಲಿ ಅಲ್ಲಿನ ಅಭಿವೃದ್ಧಿ ಬ್ಯಾಂಕ್ ಜೊತೆ 2.17 ಕೋಟಿ ರಿಯಾಲ್ ಒಪ್ಪಂದಕ್ಕೆ ಸಹಿ ಬಿತ್ತು. ಅಗ್ನಿಸುರಕ್ಷತೆಯ ಕೆಲಸವೂ ಅದರಲ್ಲಿತ್ತು. ಹಣ ಕೈಗೆ ಬರುವ ಮುಂಚೆ, ಸೆಪ್ಟೆಂಬರ್ 2ರ ರಾತ್ರಿ ಕಟ್ಟಡ ಹೊತ್ತಿಕೊಂಡಿತು. ನೆಲಮಹಡಿಯ ಸಭಾಂಗಣದ ಎ.ಸಿ.ಯಿಂದ ಬೆಂಕಿ ಶುರುವಾಯಿತು ಎಂದು ಫೆಡರಲ್ ಪೊಲೀಸರ ತನಿಖೆ ಮುಂದೆ ತಿಳಿಸಿತು. ಅಗ್ನಿಶಾಮಕ ದಳ ಬಂದಾಗ ಬೆಂಕಿ ಆರಿಸಲು ನೀರು ಒದಗಿಸುವ ಹತ್ತಿರದ ಎರಡು ಹೈಡ್ರಂಟ್‌ಗಳಲ್ಲಿ ನೀರು ಸಾಲಲಿಲ್ಲ. ಸುಮಾರು ಎರಡು ಕೋಟಿ ವಸ್ತುಗಳಿದ್ದ ಸಂಗ್ರಹದ ಬಹುಪಾಲು ಹೋಯಿತು. ಜನರಿಗೆ ಅಪಾಯವಾಗಲಿಲ್ಲ ಎಂಬುದೊಂದೇ ಸಮಾಧಾನ.

2016ರ ಏಪ್ರಿಲ್ 26ರಂದು ದೆಹಲಿಯ ರಾಷ್ಟ್ರೀಯ ನಿಸರ್ಗ ಇತಿಹಾಸ ಮ್ಯೂಸಿಯಂ ಸುಟ್ಟದ್ದೂ ನಡುರಾತ್ರಿ ಕಳೆದ ಮೇಲೆ. ಅದು ಇದ್ದದ್ದು ಬೇರೊಂದು ಸಂಸ್ಥೆಯ ಕಟ್ಟಡದ ಮಹಡಿಗಳಲ್ಲಿ. ಇಂಥ ಕಡೆ ಒಂದು ಪ್ರಶ್ನೆ ತಪ್ಪದೆ ಕೇಳಿ: ನೀರಿನ ಪಂಪ್, ಹೊಗೆ ಸಂವೇದಕ, ವೈರಿಂಗ್ ಇವುಗಳ ನಿರ್ವಹಣೆ ಮಾಲೀಕರದೋ ಬಾಡಿಗೆದಾರರದೋ? ಒಪ್ಪಂದದ ಯಾವ ಕಲಮಿನಲ್ಲಿದೆ? ಇಬ್ಬರೂ ಇನ್ನೊಬ್ಬರದು ಎಂದುಕೊಂಡಿರುವ ಪಂಪು ಬೆಂಕಿ ಬಿದ್ದ ರಾತ್ರಿ ಸ್ಟಾರ್ಟ್ ಆಗುವುದಿಲ್ಲ.

ಈ ಎರಡು ಉದಾಹರಣೆ ಇಟ್ಟುಕೊಂಡು ಪಟ್ಟಿ ಮಾಡುವುದು ಸುಲಭ. ಕೊನೆಯ ಅಗ್ನಿ ತಪಾಸಣೆಯ ವರದಿ ಯಾವ ತಾರೀಖಿನದು, ಅದರಲ್ಲಿ ಹೇಳಿದ ಎಷ್ಟು ದೋಷ ಇನ್ನೂ ಬಾಕಿ, ಪ್ರತಿ ಬಾಕಿಗೂ ಯಾರ ಹೆಸರು, ಯಾವ ಗಡುವು. ಹೈಡ್ರಂಟಿನಲ್ಲಿ ಒತ್ತಡ ಎಷ್ಟಿದೆ ಎಂದು ನಿಜಕ್ಕೂ ನೀರು ಬಿಟ್ಟು ನೋಡಿದ್ದು ಯಾವಾಗ. ಸಂಜೆ ಬಾಗಿಲು ಹಾಕುವಾಗ ಯಾವ ಸ್ವಿಚ್‌ಗಳು ಆರಬೇಕು, ಆರಿಸಿದವರ ಸಹಿ ಎಲ್ಲಿ. ವೆಲ್ಡಿಂಗ್, ಕಟಿಂಗ್‌ನಂಥ ಕಿಡಿ ಹಾರುವ ಕೆಲಸಕ್ಕೆ ಪ್ರತಿದಿನ ಹೊಸ ಪರವಾನಗಿ ಬರೆದುಕೊಡುತ್ತಾರೆಯೇ, ಕೆಲಸ ಮುಗಿದ ಮೇಲೂ ಒಬ್ಬರು ಅಲ್ಲೇ ಕಾದು ನೋಡುತ್ತಾರೆಯೇ.

ಚಾವಣಿಯಿಂದ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಎಂದೊಡನೆ ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್‌ಗಳು ಹೌಹಾರುತ್ತಾರೆ, ಹಸ್ತಪ್ರತಿಗಳೆಲ್ಲ ನೆನೆದುಹೋಗುತ್ತವೆ ಎಂದು. ಸಿನಿಮಾದಲ್ಲಿ ತೋರಿಸುವಂತೆ ಇಡೀ ಕಟ್ಟಡದಲ್ಲಿ ಒಟ್ಟಿಗೆ ಮಳೆ ಸುರಿಯುವುದಿಲ್ಲ. ಸಾಮಾನ್ಯ ವ್ಯವಸ್ಥೆಯಲ್ಲಿ ಯಾವ ಸ್ಪ್ರಿಂಕ್ಲರ್ ತಲೆಗೆ ಕಾವು ತಾಗಿತೋ ಅದಷ್ಟೇ ಬಾಯಿ ಬಿಡುತ್ತದೆ. ನೆನೆದ ಕಾಗದವನ್ನು ಒಣಗಿಸಿ ಉಳಿಸಿಕೊಳ್ಳಲು ದಾರಿ ಇದೆ, ಬೂದಿಗೆ ಇಲ್ಲ. ಆದರೂ ಯಾವ ಕೋಣೆಗೆ ನೀರು, ಯಾವ ಕೋಣೆಗೆ ಬೆಂಕಿ ಆರಿಸುವ ಅನಿಲ ಎಂಬುದನ್ನು ಅಗ್ನಿಶಾಮಕ ತಜ್ಞರೂ ಸಂರಕ್ಷಣಾ ತಜ್ಞರೂ ಒಟ್ಟಿಗೆ ಕುಳಿತು ತೀರ್ಮಾನಿಸಲಿ. ಅನಿಲದ ವ್ಯವಸ್ಥೆ ಇರುವ ಕೋಣೆಯಿಂದ ಜನ ಹೊರಬರಲು ಮುನ್ಸೂಚನೆಯ ಸದ್ದು ಇದೆಯೇ ಎಂಬುದನ್ನು ಮಾತ್ರ ನೀವು ಕೇಳಿ.

ಬೆಂಕಿ ಬಿದ್ದಾಗ ಮೊದಲು ಹೊರತರಬೇಕಾದ ವಸ್ತುಗಳ ಪಟ್ಟಿಯನ್ನೂ ನೋಡಿ. ಇಬ್ಬರು ಎತ್ತಬಲ್ಲ, ಐದು ನಿಮಿಷದಲ್ಲಿ ಕಳಚಬಲ್ಲ ವಸ್ತುಗಳಷ್ಟೇ ಅದರಲ್ಲಿರಬೇಕು. ನೂರು ವಸ್ತುಗಳ ಪಟ್ಟಿ ಯಾರಿಗೂ ಉಪಯೋಗವಿಲ್ಲ. ಪ್ರತಿ ಅಗ್ನಿಶಾಮಕ ಠಾಣೆಗೂ ಅದರ ನಕ್ಷೆ ಮೊದಲೇ ತಲುಪಿರಬೇಕು, ಮತ್ತು ಒಳಹೋಗಬೇಕೋ ಬೇಡವೋ ಎಂದು ಹೇಳುವ ಅಧಿಕಾರ ಅಗ್ನಿಶಾಮಕ ಅಧಿಕಾರಿಗೆ ಮಾತ್ರ.

ಹೆಜ್ಜೆ 5: ರಾತ್ರಿಯ ಬಾಗಿಲು

1990ರ ಮಾರ್ಚ್ 18ರ ನಸುಕಿನಲ್ಲಿ ಬಾಸ್ಟನ್ನಿನ ಇಸಬೆಲ್ಲಾ ಸ್ಟೀವರ್ಟ್ ಗಾರ್ಡ್ನರ್ ಮ್ಯೂಸಿಯಂ ಬಾಗಿಲಿಗೆ ಪೊಲೀಸ್ ವೇಷದ ಇಬ್ಬರು ಬಂದರು. ಕಾವಲಿನವನು ಬಾಗಿಲು ತೆರೆದ. 81 ನಿಮಿಷದಲ್ಲಿ 13 ಕೃತಿಗಳು ಹೋದವು, ಇವತ್ತಿಗೂ ಸಿಕ್ಕಿಲ್ಲ. ರಾತ್ರಿ ಯಾರು ಬಂದರೂ ಬಾಗಿಲು ತೆರೆಯದೆ ಠಾಣೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು ಎಂಬ ನಿಯಮವನ್ನು ಗೋಡೆಗೆ ಅಂಟಿಸಿದರೆ ಸಾಲದು. ಅಧಿಕಾರಿಯ ಸಿಟ್ಟಿಗೆ ಹೆದರದೆ ‘ಇಲ್ಲ’ ಎನ್ನುವ ಧೈರ್ಯ ಕಾವಲಿನವರಿಗೆ ಬರಬೇಕಾದರೆ, ಹಾಗೆ ತಡೆದವರನ್ನು ಮಂಡಳಿ ಲಿಖಿತವಾಗಿ ಬೆಂಬಲಿಸಬೇಕು. ಸದಸ್ಯರೇ ರಾತ್ರಿ ಬಂದು ‘ನಾನು ಯಾರು ಗೊತ್ತಾ’ ಎನ್ನುವ ಮ್ಯೂಸಿಯಂನಲ್ಲಿ ಈ ನಿಯಮ ಬದುಕುವುದಿಲ್ಲ.

ಹೆಜ್ಜೆ 6: ಬಂದವರು ಕ್ಷೇಮವಾಗಿ ಹೊರಗೆ ಹೋಗಬೇಕು

ಜನ ಹೆಚ್ಚು ಬರುವ ದಿನವೇ ಹೋಗಿ, ಮುನ್ಸೂಚನೆ ಕೊಡದೆ. ಪ್ರವೇಶದ್ವಾರದಿಂದ ಶುರುಮಾಡಿ ಪ್ರತಿ ತುರ್ತು ನಿರ್ಗಮನದವರೆಗೆ ನಡೆಯಿರಿ, ಬಾಗಿಲನ್ನು ಕೈಯಿಂದ ತಳ್ಳಿ. ಬೀಗ ಜಡಿದಿದೆಯೇ? ಹಿಂದೆ ಹಳೆಯ ಶೋಕೇಸ್, ಕುರ್ಚಿಗಳ ರಾಶಿ ಇದೆಯೇ? ಕಳ್ಳತನದ ಭಯದಿಂದ ಭದ್ರತಾ ವಿಭಾಗ ಬಾಗಿಲು ಮುಚ್ಚುತ್ತದೆ, ಬೆಂಕಿಯ ಭಯದಿಂದ ಅಗ್ನಿಶಾಮಕದವರು ತೆರೆಯಿರಿ ಎನ್ನುತ್ತಾರೆ, ಮ್ಯೂಸಿಯಂಗಳಲ್ಲಿ ಈ ಜಗಳ ಹಳೆಯದು. ಇದಕ್ಕೆ ಪರಿಹಾರ ಇದೆ. ಒಳಗಿನಿಂದ ತಳ್ಳಿದರೆ ತೆರೆಯುವ, ತೆರೆದೊಡನೆ ಕಂಟ್ರೋಲ್ ರೂಮಿನಲ್ಲಿ ಕೂಗಿಕೊಳ್ಳುವ ಬಾಗಿಲು, ಅದರತ್ತ ಮುಖ ಮಾಡಿದ ಕ್ಯಾಮೆರಾ. ಖರ್ಚಾಗುತ್ತದೆ. ಆ ಖರ್ಚು ಉಳಿಸಲು ಬೀಗ ಹಾಕಿದ್ದಾರೆ ಎಂದು ಕಂಡರೆ ಅದೇ ದಿನ ತೆಗೆಸಿ, ಸಭೆಗೆ ಕಾಯಬೇಡಿ.

ಎಷ್ಟು ಜನ ಒಳಗಿರಬಹುದು ಎಂಬ ಸಂಖ್ಯೆ ಟಿಕೆಟ್ ಕೌಂಟರಿನವರಿಗೆ ಗೊತ್ತಿರಬೇಕು. ನೆಲದ ಅಳತೆಯ ಜೊತೆಗೆ ಹೊರಹೋಗುವ ಬಾಗಿಲುಗಳ ಅಗಲವನ್ನೂ ಹಿಡಿದು ಲೆಕ್ಕ ಹಾಕುವ ಸಂಖ್ಯೆ ಅದು. ದಿನದ ಒಟ್ಟು ಸಂಖ್ಯೆ ನೋಡಿದರೂ ಪ್ರಯೋಜನವಿಲ್ಲ, ಎಲ್ಲರೂ ಒಂದೇ ಕೃತಿಯ ಮುಂದೆ ಸೇರುತ್ತಾರೆ. ಒಂದು ಚದರ ಮೀಟರಿನಲ್ಲಿ ನಾಲ್ಕೈದು ಜನ ಆದರೆ ಯಾರೂ ತಮ್ಮಿಷ್ಟದಂತೆ ಹೆಜ್ಜೆ ಇಡಲಾಗದು, ಒಬ್ಬರು ಬಿದ್ದರೆ ಎತ್ತಲೂ ಜಾಗವಿರದು. ಲೂವ್ರ್‌ನ ಗಾಜಿನ ಪಿರಮಿಡ್ಡಿನ ಪ್ರವೇಶದ್ವಾರವನ್ನು ವರ್ಷಕ್ಕೆ ಸುಮಾರು 40 ಲಕ್ಷ ಜನರ ಅಂದಾಜಿನಲ್ಲಿ ಕಟ್ಟಿದ್ದರು, 2024ರಲ್ಲಿ ಬಂದವರು 87 ಲಕ್ಷ. 2025ರ ಜೂನ್ 16ರಂದು ಅಲ್ಲಿನ ಸಿಬ್ಬಂದಿ ಜನದಟ್ಟಣೆ ಮತ್ತು ಕೆಲಸದವರ ಕೊರತೆ ತಾಳಲಾರದೆ ಹಠಾತ್ತಾಗಿ ಕೆಲಸ ನಿಲ್ಲಿಸಿದರು. ಒಡವೆ ಕಳುವಾದದ್ದು ಅದಾಗಿ ನಾಲ್ಕು ತಿಂಗಳಿಗೆ. ಒಂದರಿಂದ ಇನ್ನೊಂದಾಯಿತು ಎಂದು ನಾನು ಹೇಳುತ್ತಿಲ್ಲ. ಗ್ಯಾಲರಿಯಲ್ಲಿ ದಿನವಿಡೀ ನಿಲ್ಲುವವರ ದೂರನ್ನು ಬರೀ ಸಂಬಳದ ತಕರಾರು ಎಂದು ತಳ್ಳಿಹಾಕಬೇಡಿ ಎನ್ನುತ್ತಿದ್ದೇನೆ.

ಪ್ರದರ್ಶನದ ವಸ್ತುವೇ ಅಪಾಯವಾಗುವುದೂ ಉಂಟು. 2007ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಕಲಾವಿದೆ ಡೋರಿಸ್ ಸಾಲ್ಸೆಡೊ ನೆಲದಲ್ಲೇ 167 ಮೀಟರ್ ಉದ್ದದ ಬಿರುಕು ಮೂಡಿಸಿದ್ದರು. ಮೊದಲ ಎರಡು ತಿಂಗಳಲ್ಲಿ 15 ಜನ ಅದರಲ್ಲಿ ಎಡವಿ ಸಣ್ಣಪುಟ್ಟ ಗಾಯ ಮಾಡಿಕೊಂಡರು. 2018ರಲ್ಲಿ ಪೋರ್ಚುಗಲ್ಲಿನ ಸೆರಾಲ್ವೆಸ್ ಮ್ಯೂಸಿಯಂನಲ್ಲಿ ಅನೀಶ್ ಕಪೂರ್ ಅವರ ಕೃತಿಯೊಂದಿತ್ತು, 2.5 ಮೀಟರ್ ಆಳದ ಗುಂಡಿ. ಒಳಗೆಲ್ಲ ಕಡುಗಪ್ಪು ಬಳಿದದ್ದರಿಂದ ನೆಲದ ಮೇಲೆ ಬಿಡಿಸಿದ ಕರಿಯ ವೃತ್ತದಂತೆ ಕಾಣುತ್ತಿತ್ತು. ಎಚ್ಚರಿಕೆ ಫಲಕ ಇತ್ತು, ಸಿಬ್ಬಂದಿಯೂ ಇದ್ದರು, ಆದರೂ ಒಬ್ಬರು ಒಳಗೆ ಬಿದ್ದು ಆಸ್ಪತ್ರೆ ಸೇರಿದರು. ಸೂಚನಾಫಲಕವನ್ನು ನೆಚ್ಚಬೇಡಿ. ಅಪಾಯ ತೆಗೆಯಲು ಆಗುತ್ತದೆಯೇ ನೋಡಿ, ಆಗದಿದ್ದರೆ ಕಟಾಂಜನ ಹಾಕಿ, ಅದೂ ಆಗದಿದ್ದರೆ ಆಳು ನಿಲ್ಲಿಸಿ. ಫಲಕ ಕೊನೆಯದು.

ಜನರಿಂದ ವಸ್ತುವಿಗೆ ಅಪಾಯವಾಗುವುದೂ ಹಾಗೆಯೇ. 2006ರ ಜನವರಿಯಲ್ಲಿ ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿ ಮೆಟ್ಟಿಲಿಳಿಯುತ್ತಿದ್ದ ಪ್ರವಾಸಿಯೊಬ್ಬರು ಎಡವಿ ಬಿದ್ದು, ಚೀನಾದ ಚಿಂಗ್ ರಾಜವಂಶದ ಕಾಲದ ಮೂರು ದೊಡ್ಡ ಪಿಂಗಾಣಿ ಹೂಜಿಗಳು ಪುಡಿಯಾದವು. ಎಡವಿದವರ ಬಗ್ಗೆ ಜಗತ್ತೆಲ್ಲ ನಕ್ಕಿತು. ಮಂಡಳಿಯ ಸದಸ್ಯರಾಗಿ ನೀವು ಕೇಳಬೇಕಾದ ಪ್ರಶ್ನೆ ಬೇರೆ: ಮೆಟ್ಟಿಲಿನ ಪಕ್ಕದ ಕಿಟಕಿಯ ಕಟ್ಟೆ ಮೇಲೆ, ಗಾಜಿನ ಪೆಟ್ಟಿಗೆಯೂ ಇಲ್ಲದೆ ಅವನ್ನು ಅಷ್ಟು ವರ್ಷ ಇಟ್ಟವರು ಯಾರು?

ಕಣ್ಣಿಗೆ ಕಾಣದ ಒಂದು ಅಪಾಯ ಹೇಳಿಬಿಡುತ್ತೇನೆ. 19ನೇ ಶತಮಾನದಲ್ಲೂ 20ನೇ ಶತಮಾನದ ಬಹುಭಾಗದಲ್ಲೂ ಪ್ರಾಣಿಗಳ ತೊಗಲು ತುಂಬಿ ಇಡುವವರು ಹುಳು ಹಿಡಿಯದಿರಲಿ ಎಂದು ಆರ್ಸೆನಿಕ್ ಸೋಪು ಹಚ್ಚುತ್ತಿದ್ದರು. ಒಣಗಿಸಿದ ಸಸ್ಯಗಳ ಹಾಳೆಗಳಿಗೆ ಪಾದರಸದ ಲವಣ ಬಳಿಯುತ್ತಿದ್ದರು. ಮಕ್ಕಳು ಮುಟ್ಟಿ ನೋಡಲೆಂದು ಹಳೆಯ ಹುಲಿಯನ್ನೋ ಕರಡಿಯನ್ನೋ ಹೊರಗಿಡುವ ಮುನ್ನ ಪರೀಕ್ಷೆ ಮಾಡಿಸಿದ ಕಾಗದ ತೋರಿಸಲು ಹೇಳಿ. ಅದನ್ನು ದೂಳು ಒರೆಸುವವರಿಗೆ ಕೈಗವಸು, ಮಾಸ್ಕ್ ಕೊಟ್ಟಿದ್ದಾರೆಯೇ ಎಂದೂ ಕೇಳಿ. ಶಾಲಾ ಮಕ್ಕಳು ಅರ್ಧ ಗಂಟೆ ಇರುತ್ತಾರೆ, ದೂಳು ಒರೆಸುವವರು ಇಪ್ಪತ್ತು ವರ್ಷ ಇರುತ್ತಾರೆ.

ಗಾಲಿಕುರ್ಚಿಯಲ್ಲಿ ಬಂದವರು ಲಿಫ್ಟ್ ನಿಂತಾಗ ಮೇಲಿನ ಮಹಡಿಯಿಂದ ಹೇಗೆ ಇಳಿಯುತ್ತಾರೆ? ತಪ್ಪಿಸಿಕೊಂಡ ಮಗುವನ್ನು ಯಾರ ಬಳಿ ಕೂರಿಸುತ್ತಾರೆ? ಎದೆನೋವು ಬಂದವರಿಗೆ ಪ್ರಥಮ ಚಿಕಿತ್ಸೆ ಬಲ್ಲವರು ಈ ಪಾಳಿಯಲ್ಲಿ ಯಾರಿದ್ದಾರೆ? ಇವನ್ನು ನಿರ್ದೇಶಕರನ್ನಲ್ಲ, ಬಾಗಿಲ ಬಳಿ ನಿಂತ ಗಾರ್ಡನ್ನು ಕೇಳಿ. ಅವರಿಗೆ ಉತ್ತರ ಗೊತ್ತಿಲ್ಲವೆಂದರೆ ಕಡತದಲ್ಲಿ ಎಷ್ಟು ಚೆಂದದ ಯೋಜನೆ ಇದ್ದರೂ ಅಷ್ಟೆ.

ಹೆಜ್ಜೆ 7: ಅವಘಡ ಆದ ದಿನ, ಆಗದೆ ತಪ್ಪಿದ ದಿನ

ಆದ ದಿನದ ಕ್ರಮ ಸರಳ. ಮೊದಲು ಜನ, ಆಮೇಲೆ ವಸ್ತು. ಲೂವ್ರ್ ಸಿಬ್ಬಂದಿ ಆ ಭಾನುವಾರ ಮಾಡಿದ್ದು ಅದನ್ನೇ, ಪ್ರವಾಸಿಗರನ್ನು ಮೊದಲು ಹೊರಗೆ ಕಳಿಸಿದರು, ಯಾರಿಗೂ ಗಾಯವಾಗಲಿಲ್ಲ. ಅದಾದ ಮೇಲೆ ಜಾಗಕ್ಕೆ ಹಗ್ಗ ಕಟ್ಟಿ, ಗಳಿಗೆ ಗಳಿಗೆಯ ಟಿಪ್ಪಣಿ ಬರೆಯಿರಿ. ಒಡೆದ ವಸ್ತುವಿನ ಚೂರುಗಳನ್ನು ಗುಡಿಸುವ ಮುನ್ನ ಬಿದ್ದಲ್ಲೇ ಫೋಟೊ ತೆಗೆದು, ಧೂಳಿನಷ್ಟು ಸಣ್ಣದನ್ನೂ ಎತ್ತಿಡಿ. ಫಿಟ್ಜ್‌ವಿಲಿಯಂನ ಹೂಜಿಗಳನ್ನು ಮತ್ತೆ ಜೋಡಿಸಲು ಆದದ್ದು ಚೂರುಗಳನ್ನು ಕಾಪಾಡಿದ್ದರಿಂದ. ಹೊರಗಿನವರೊಂದಿಗೆ ಒಬ್ಬರೇ ಮಾತಾಡಲಿ, ಗೊತ್ತಿದ್ದಷ್ಟನ್ನೇ ಹೇಳಲಿ.

ಆಗದೆ ತಪ್ಪಿದ ಘಟನೆಗಳ ಪುಸ್ತಕ ಇದಕ್ಕಿಂತ ಮುಖ್ಯ. ಜಾರಿದರೂ ಬೀಳದವರು, ಅಲುಗಾಡಿದ ಪೀಠ, ಎರಡು ಸಲ ಸುಳ್ಳೇ ಕೂಗಿದ ಅಲಾರಂ, ಸ್ಟೋರಿನ ಬೀಗದ ಕೈ ಅರ್ಧ ದಿನ ಕಾಣದೆ ಹೋದದ್ದು. ಬರೆದವರಿಗೆ ಶಿಕ್ಷೆ ಆಗುವುದಾದರೆ ಪುಸ್ತಕ ಖಾಲಿ ಇರುತ್ತದೆ. ವರ್ಷವಿಡೀ ಒಂದೂ ನಮೂದಿಲ್ಲದ ಪುಸ್ತಕ ತೋರಿಸಿ ‘ನಮ್ಮಲ್ಲಿ ಏನೂ ಆಗಿಲ್ಲ ಸಾರ್’ ಎಂದರೆ ನಾನಂತೂ ನಂಬುವುದಿಲ್ಲ.

ಹೆಜ್ಜೆ 8: ಜನರ ಮುಂದೆ ಇಡಿ

ಕಳುವನ್ನು ಮುಚ್ಚಿಡುವುದು ಮ್ಯೂಸಿಯಂಗಳ ಹಳೆಯ ಚಾಳಿ, ಮಾನ ಹೋಗುತ್ತದೆ, ದಾನಿಗಳು ಹಿಂಜರಿಯುತ್ತಾರೆ ಎಂದು. ಬ್ರಿಟಿಷ್ ಮ್ಯೂಸಿಯಂ ಕೊನೆಗೆ ತನ್ನ ನಷ್ಟವನ್ನು ಬಹಿರಂಗಪಡಿಸಿ, ಕಳೆದ ಬಗೆಯ ವಸ್ತುಗಳ ಚಿತ್ರ ಜಾಲತಾಣದಲ್ಲಿ ಹಾಕಿ ಜನರ ನೆರವು ಕೇಳಿತು. 2024ರ ಹೊತ್ತಿಗೆ ಆರುನೂರಕ್ಕೂ ಹೆಚ್ಚು ವಸ್ತುಗಳು ವಾಪಸ್ ಬಂದಿದ್ದವು. ಮುಚ್ಚಿಟ್ಟಿದ್ದರೆ ಕೊಂಡವರಿಗೆ ಅವು ಕದ್ದ ಮಾಲು ಎಂದೇ ತಿಳಿಯುತ್ತಿರಲಿಲ್ಲ.

ವಾರ್ಷಿಕ ವರದಿಯಲ್ಲಿ ಗಣ್ಯರ ಭೇಟಿಯ ಫೋಟೊಗಳ ನಡುವೆ ನಾಲ್ಕು ಸಂಖ್ಯೆಗಳಿಗೆ ಜಾಗ ಮಾಡಿಸಿ: ರಿಜಿಸ್ಟರಿನ ಎಷ್ಟು ಪಾಲನ್ನು ಈ ವರ್ಷ ಭೌತಿಕವಾಗಿ ಪರಿಶೀಲಿಸಿದರು, ಎಷ್ಟು ವಸ್ತು ಸಿಗಲಿಲ್ಲ, ಸಂದರ್ಶಕರಿಗೂ ಸಿಬ್ಬಂದಿಗೂ ಎಷ್ಟು ಗಾಯಗಳಾದವು, ತಪಾಸಣಾ ವರದಿಗಳ ಎಷ್ಟು ಶಿಫಾರಸು ಎಷ್ಟು ಕಾಲದಿಂದ ಬಾಕಿ ಇದೆ. ಕ್ಯಾಮೆರಾ ಎಲ್ಲಿದೆ, ಗಸ್ತು ಎಷ್ಟು ಹೊತ್ತಿಗೆ ಎಂಬ ವಿವರ ಹೊರಗೆ ಹೇಳಬಾರದು, ನಿಜ. ಅದನ್ನೇ ನೆಪ ಮಾಡಿ ಬಾಕಿಯ ಸಂಖ್ಯೆಯನ್ನೂ ‘ಭದ್ರತೆಯ ಕಾರಣಕ್ಕೆ’ ಮುಚ್ಚಿದರೆ ಒಪ್ಪಬೇಡಿ.

ಇಷ್ಟನ್ನೂ ಒಂದೇ ಸಭೆಯಲ್ಲಿ ಕೇಳಿದರೆ ನಿಮ್ಮನ್ನು ಎರಡನೇ ಸಭೆಗೆ ಕರೆಯಲು ಮರೆತುಬಿಟ್ಟಾರು. ಮೊದಲ ಸಭೆಗೆ ಅಗ್ನಿ ತಪಾಸಣೆಯ ಬಾಕಿ ಪಟ್ಟಿ ಸಾಕು, ಜೀವದ ಪ್ರಶ್ನೆ ಅದರಲ್ಲಿದೆ. ಎರಡನೆಯದಕ್ಕೆ ಸ್ಟೋರಿನ ಹತ್ತು-ಹತ್ತು ಪರೀಕ್ಷೆ. ಮೂರನೆಯದಕ್ಕೆ ತಿರಸ್ಕೃತವಾದ ಭದ್ರತಾ ಪ್ರಸ್ತಾವಗಳ ಕಡತ. ಬಾಕಿ ಪಟ್ಟಿ ಮಾತ್ರ ಪ್ರತಿ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ವಿಷಯವಾಗಿ ಬರಲಿ, ಊಟದ ನಂತರದ ‘ಇತರೆ ವಿಷಯಗಳು’ ಎಂಬ ಕಲಮಿಗೆ ಜಾರಲು ಬಿಡಬೇಡಿ.